ಬಾಂದೋಲಿನ ಒಗರು

ನಾನು ಹುಟ್ಟಿದ್ದು ಅಡಿಕೆ ಸೀಮೆಯಲ್ಲಿ. ಅಡಿಕೆ ಬೇಯಿಸಿದ ಹಂಡೆಯ ಚೊಗರಿಗೆ ಬೆರಳು ಅದ್ದಿ ನೆಕ್ಕಿ, ನಾಲಿಗೆ ಅಂಗಳಕ್ಕೆ ಅಂಟಿ ಮಾತೇ ಹೊರಡದೆ, ಅಜ್ಜಿಯ ಹತ್ತಿರ ಬೈಸಿಕೊಂಡಿದ್ದೇನೆ. ಈಗ ಬೆಂಗಳೂರಿನ ರೆಸ್ಟೊರೆಂಟ್ ಒಂದರಲ್ಲಿ ವೈನ್ ಆರಿಸಿ ಬಡಿಸುವುದು ನನ್ನ ಕೆಲಸ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ವೈನಿಗೆ ಒಗರು ಕೊಡುವ ಟ್ಯಾನಿನ್ ಅಂದರೇನು ಅಂತ ಕೇಳಿದರೆ ‘ಚೊಗರು ಕಣೋ’ ಅನ್ನುತ್ತೇನೆ. ಮಲೆನಾಡಿನವನಾದರೆ ಪಾಠ ಅಲ್ಲಿಗೇ ಮುಗಿಯಿತು. ಬಯಲುಸೀಮೆಯವನಾದರೆ ನಾಲ್ಕು ನೇರಳೆಹಣ್ಣು ತಿನ್ನಿಸಬೇಕು.

ಆ ಒಗರು ಎಷ್ಟು ಗಟ್ಟಿಯಾಗಿರಬಹುದು, ಊಟದ ಜೊತೆ ಅದನ್ನು ಹೇಗೆ ಪಳಗಿಸಬಹುದು ಅಂತ ತೋರಿಸಲು ನಾನು ತೆಗೆಯುವ ಬಾಟಲಿ ಒಂದೇ: ದಕ್ಷಿಣ ಫ್ರಾನ್ಸಿನ ಬಾಂದೋಲ್ ಪ್ರದೇಶದ ದೊಮೇನ್ ತಾಂಪಿಯೇ ಎಂಬ ದ್ರಾಕ್ಷಿತೋಟದ ವೈನ್. ಮಾರ್ಸೇಗೂ ತೂಲಾನ್‌ಗೂ ನಡುವೆ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿದ ಗುಡ್ಡಸಾಲು ಅದು. ಇಳಿಜಾರಿಗೆ ಗಾರೆಯಿಲ್ಲದ ಕಲ್ಲುಕಟ್ಟೆ ಕಟ್ಟಿ, ಮಣ್ಣು ತಡೆದು, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಯುತ್ತಾರೆ. ಹಿಂದೆ ಬಾಂದೋಲ್ ಬಂದರಿನಿಂದ ವೈನಿನ ಪೀಪಾಯಿಗಳು ಹಡಗು ಹತ್ತುತ್ತಿದ್ದವು. ತಾಂಪಿಯೇ ಲೇಬಲ್ಲಿನ ಮೇಲೆ ಇವತ್ತಿಗೂ ಹಾಯಿಹಡಗಿನ ಚಿತ್ರವಿದೆ.

ಅಲ್ಲಿಯ ದ್ರಾಕ್ಷಿ ಮೂರ್ವೆದ್ರ. ದಪ್ಪ ಸಿಪ್ಪೆ, ಕಡು ಬಣ್ಣ, ಬೇಗ ಹಣ್ಣಾಗದ ಜಾತಿ. ‘ತಲೆ ಬಿಸಿಲಲ್ಲಿ, ಕಾಲು ನೀರಲ್ಲಿ ಇರಬೇಕು’ ಅಂತ ಅದರ ಬಗ್ಗೆ ಅಲ್ಲಿ ಮಾತಿದೆ. ಬಿಸಿಲು ಧಾರಾಳ ಬೇಕು, ಜೊತೆಗೆ ಬೇರಿನ ಕೆಳಗೆ ತೇವ ಹಿಡಿದಿಡುವ ಜೇಡಿಮಣ್ಣೂ ಬೇಕು. ಮಳೆ ಬಿದ್ದರೆ ಮಿಸ್ತ್ರಾಲ್ ಗಾಳಿ ಬೀಸಿ ಗೊಂಚಲುಗಳನ್ನು ಒಣಗಿಸುತ್ತದೆ, ಕೊಳೆರೋಗ ಹತ್ತಿರ ಸುಳಿಯುವುದಿಲ್ಲ. (ಅಡಿಕೆ ತೋಟದವರಿಗೆ ಈ ಮಾತು ಓದಿ ಹೊಟ್ಟೆ ಉರಿದರೆ ತಪ್ಪಿಲ್ಲ.)

ಹತ್ತೊಂಬತ್ತನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಹೇನು ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ತೋಟಗಳನ್ನು ನಾಶ ಮಾಡಿತು. ಮತ್ತೆ ನೆಡುವಾಗ ರೈತರು ಮೂರ್ವೆದ್ರ ಬಿಟ್ಟು ಹೆಚ್ಚು ಇಳುವರಿ ಕೊಡುವ ಜಾತಿಗಳಿಗೆ ಕೈ ಹಾಕಿದರು. ಅದನ್ನು ಮರಳಿ ತಂದವರಲ್ಲಿ ದೊಡ್ಡ ಹೆಸರು ಲೂಸಿಯಾಂ ಪೆಯ್ರೋ ಅವರದು. 1936ರಲ್ಲಿ ತಾಂಪಿಯೇ ಮನೆತನದ ಲೂಸಿಯನ್ನು ಮದುವೆಯಾದರು. ಊರಿಗೆಲ್ಲ ಆಕೆ ಲೂಲೂ. 1940ರಲ್ಲಿ ತೋಟ ಇವರ ಕೈಗೆ ಬಂತು. ಮಾವ ಒಂದು ದಿನ ಫಿಲೊಕ್ಸೆರಾಕ್ಕೂ ಮೊದಲಿನ ಹಳೆಯ ಬಾಟಲಿ ತೆಗೆದು ರುಚಿ ತೋರಿಸಿದರಂತೆ. ಅಳಿಯನಿಗೆ ಮೂರ್ವೆದ್ರದ ಹುಚ್ಚು ಹಿಡಿಯಲು ಅದೇ ಕಾರಣ ಎನ್ನುತ್ತಾರೆ. 1941ರಲ್ಲಿ ಬಾಂದೋಲಿಗೆ ಸ್ವಂತ ಹೆಸರಿನ ವೈನ್ ಪ್ರದೇಶವೆಂಬ ಅಧಿಕೃತ ಮಾನ್ಯತೆ ಸಿಕ್ಕಿತು. ನಿಯಮಗಳು ಹಂತಹಂತವಾಗಿ ಬಿಗಿಯಾಗಿ, ಇಂದು ರೆಡ್ ವೈನ್‌ನಲ್ಲಿ ಕನಿಷ್ಠ ಶೇಕಡಾ 50 ಮೂರ್ವೆದ್ರ ಇರಲೇಬೇಕು, ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಕೂರಲೇಬೇಕು. ಕೊಯ್ಲಿಗೆ ಯಂತ್ರ ಇಳಿಸುವಂತಿಲ್ಲ, ಎಲ್ಲ ಕೈಯಲ್ಲೇ.

ಲೂಸಿಯಾಂ ತೋಟ ನೋಡಿದರೆ ಲೂಲೂ ಒಲೆ ನೋಡಿದರು. ಏಳು ಮಕ್ಕಳ ತಾಯಿ. ಆಕೆಯ ಅಡುಗೆಮನೆಗೆ ಜಗತ್ತಿನ ಹೆಸರಾಂತ ಬಾಣಸಿಗರು ಬಂದು ಉಂಡು ಹೋಗಿದ್ದಾರೆ. 2020ರಲ್ಲಿ ತೀರಿಕೊಂಡಾಗ ವಯಸ್ಸು 102. ತಾಂಪಿಯೇ ವೈನನ್ನು ಊಟದಿಂದ ಬೇರೆ ಮಾಡಿ ಮಾತಾಡಲು ನನಗೆ ಬಾರದಿರುವುದು ಅದಕ್ಕೇ.

ಈಗ ನಾನೇ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಆಗ ಬೇರೊಂದು ಹೋಟೆಲಿನಲ್ಲಿದ್ದೆ, ಅನುಭವ ಕಡಿಮೆ. ಗಿರಾಕಿಯೊಬ್ಬರು ಖಾರದ ಬಂಗುಡೆ ಫ್ರೈ ಮುಂದಿಟ್ಟುಕೊಂಡು ‘ಒಳ್ಳೆ ರೆಡ್ ಕೊಡಿ’ ಅಂದರು. ಎರಡು ವರ್ಷವೂ ತುಂಬದ ಬಾಂದೋಲ್ ತೆಗೆದು ಸುರಿದೆ. ಒಂದು ಗುಟುಕು ಕುಡಿದವರು ನೀರಿಗೆ ಕೈ ಚಾಚಿದರು. ‘ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿದೆಯಲ್ಲ ಸಾರ್’ ಅಂದರು. ಬಾಟಲಿಯದೇನೂ ದೋಷವಿರಲಿಲ್ಲ. ಖಾರದ ಎದುರು ಒಗರು ಇಮ್ಮಡಿಯಾಗಿ, ಆಲ್ಕೋಹಾಲು ಗಂಟಲು ಸುಡುತ್ತದೆ. ಎಣ್ಣೆ ಮೀನಿನ ಜೊತೆ ಇನ್ನೊಂದು ಗೊಡವೆ. ರೆಡ್ ವೈನಿನಲ್ಲಿ ಕರಗಿರುವ ಕಬ್ಬಿಣದ ಅಂಶವೇ ಬಾಯಲ್ಲಿ ಮೀನುನಾತ ಎಬ್ಬಿಸುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಆ ಗಿರಾಕಿ ಹೇಳಿದ ಮೊಳೆ ಬರೀ ಉಪಮೆಯಲ್ಲ!

ಹಾಗಂತ ‘ಮೀನಿಗೆ ವೈಟ್, ಮಾಂಸಕ್ಕೆ ರೆಡ್’ ಅಂತ ಉರುಹೊಡೆಯುವುದೂ ಬೇಡ. ಬಾಂದೋಲ್ ಇರುವ ಪ್ರೊವಾನ್ಸ್ ಸೀಮೆಯ ಬೂಯಾಬೆಸ್ ನೋಡಿ. ಬಂಡೆಮೀನುಗಳ ಸಾರು ಅದು. ಟೊಮೆಟೊ, ಸೋಂಪಿನ ಗಡ್ಡೆ, ಕೇಸರಿ, ಕಿತ್ತಳೆ ಸಿಪ್ಪೆ ಬೀಳುತ್ತವೆ. ಪಕ್ಕಕ್ಕೆ ಬೆಳ್ಳುಳ್ಳಿ ಅರೆದ ರೂಯ್ ಹಚ್ಚಿದ ಬ್ರೆಡ್ಡು. ಮೀನು ಬಂಗುಡೆಯಷ್ಟು ಎಣ್ಣೆಯದಲ್ಲ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಟೊಮೆಟೊ ಹುಳಿ ಸೇರಿ ಒಗರನ್ನು ನುಂಗಿ ಹಾಕುತ್ತವೆ. ತುಸು ತಂಪು ಮಾಡಿದ ಎಳೆಯ ಬಾಂದೋಲ್ ರೆಡ್ ಇದಕ್ಕೆ ಹೊಂದುತ್ತದೆ. 14 ಡಿಗ್ರಿ ಇರಲಿ, ಅದಕ್ಕಿಂತ ತಣ್ಣಗಾದರೆ ಒಗರು ಮತ್ತೆ ತಲೆ ಎತ್ತುತ್ತದೆ.

ತಾಂಪಿಯೇ ರೋಸೆ ಬಗ್ಗೆ ಜನ ತಪ್ಪು ತಿಳಿದಿದ್ದಾರೆ. ಗುಲಾಬಿ ಬಣ್ಣ ಕಂಡ ಕೂಡಲೇ ಶರಬತ್ತಿನ ಹಾಗೆ ಐಸಿನಲ್ಲಿ ಹೂತಿಡುತ್ತಾರೆ. ಮೂರ್ವೆದ್ರಕ್ಕೆ ಗ್ರೆನಾಶ್, ಸ್ಯಾಂಸೋ ದ್ರಾಕ್ಷಿ ಬೆರೆಸಿದ ಈ ವೈನಿಗೆ ಮೈಕಟ್ಟಿದೆ. 10ರಿಂದ 12 ಡಿಗ್ರಿ ಸಾಕು. ಆಲಿವ್, ಕೇಪರ್, ಆಂಚೊವಿ ಮೀನು ಅರೆದ ತಾಪನಾದ್ ಎಂಬ ಚಟ್ನಿ, ಬೆಳ್ಳುಳ್ಳಿ ಮೊಟ್ಟೆಯ ಅಯೋಲಿಯಲ್ಲಿ ಅದ್ದಿ ತಿನ್ನುವ ಬೇಯಿಸಿದ ತರಕಾರಿ, ಇವುಗಳ ಮುಂದೆ ಬೇರೆ ವೈನ್‌ಗಳು ಬೆಪ್ಪಾಗಿ ನಿಲ್ಲುತ್ತವೆ, ಇದು ನಿಭಾಯಿಸುತ್ತದೆ. ಬಂಗುಡೆಯವರಿಗೆ ಅಂದು ಇದನ್ನು ಕೊಡಬೇಕಿತ್ತು. ಕ್ಲೆರೆತ್ ದ್ರಾಕ್ಷಿಯ ವೈಟ್ ಕೂಡ ಮಾಡುತ್ತಾರೆ, ಸುಟ್ಟ ಮೀನಿಗೆ ಚೆನ್ನ.

ರೆಡ್‌ನಲ್ಲಿ ತೋಟದ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ಬಾಟಲಿಗಳಿವೆ. ಎತ್ತರದ ಮಿಗೂವಾದಲ್ಲಿ ಮೂರ್ವೆದ್ರದ ಪಾಲು ಸುಮಾರು ಅರ್ಧ, ಹಾಗಾಗಿ ಸ್ವಭಾವ ಸಲೀಸು. ತೂರ್ತಿನ್ ಗಡುಸು. ತೂರ್ತಿನ್‌ನ ಕೆಳಗೆ ಗಾಳಿ ತಾಗದ ಮಡಿಲಲ್ಲಿರುವ ಕಬಾಸೌ ಹೆಚ್ಚುಕಮ್ಮಿ ಪೂರ್ತಿ ಮೂರ್ವೆದ್ರ. ಕಬಾಸೌ ಕೊಂಡು ಅದೇ ವರ್ಷ ಬಿರಡೆ ತೆಗೆಯುವವರನ್ನು ಕಂಡರೆ ನನಗೆ ಹಲಸಿನ ಮಿಡಿ ಕಿತ್ತು ತೊಳೆ ಹುಡುಕುವವರು ನೆನಪಾಗುತ್ತಾರೆ. ಹತ್ತು ವರ್ಷವಾದರೂ ಮಲಗಿಸಿ. ಆಗ ಕಪ್ಪು ಹಣ್ಣಿನ ವಾಸನೆ ಹಿಂದೆ ಸರಿದು ಚರ್ಮ, ಅಣಬೆ, ಒಣಗಿದ ಕಾಡುಸೊಪ್ಪಿನ ವಾಸನೆ ಬರುತ್ತದೆ. ಬೆಳ್ಳುಳ್ಳಿ ಎಸಳು ಚುಚ್ಚಿ ಸುಟ್ಟ ಕುರಿಯ ತೊಡೆಗೆ, ವೈನಿನಲ್ಲೇ ಗಂಟೆಗಟ್ಟಲೆ ಬೆಂದ ದನದ ಮಾಂಸದ ದೋಬ್‌ಗೆ ಇದು ಸರಿಜೋಡಿ. ಮಾಂಸದ ಪ್ರೋಟೀನು, ಕೊಬ್ಬು ಒಗರನ್ನು ಹಿಡಿದುಕೊಂಡು ನಾಲಿಗೆಯನ್ನು ಬಿಟ್ಟುಬಿಡುತ್ತವೆ.

ನಮ್ಮ ಅಡುಗೆಗೆ ಏನು ಅಂತ ಗಿರಾಕಿಗಳು ಕೇಳುತ್ತಾರೆ. ಎಲ್ಲದಕ್ಕೂ ಹೊಂದಿಸುವ ಚಪಲ ನನಗಿಲ್ಲ. ಹುಳಿಸಾರಿಗೆ ರೆಡ್ ವೈನ್ ಜೊತೆ ಮಾಡುವುದು ಬಲವಂತದ ಮದುವೆ. ಆದರೆ ಕೊಡಗಿನ ಪಂದಿಕರಿ ಒಂದನ್ನು ಎದೆ ತಟ್ಟಿ ಹೇಳಬಲ್ಲೆ. ಕೊಬ್ಬಿನ ಹಂದಿಮಾಂಸ, ಹುರಿದ ಮೆಣಸು, ಮೇಲೆ ಕಾಚಂಪುಳಿಯ ಕಪ್ಪು ಹುಳಿ. ಊಟದ ಹುಳಿ ವೈನಿನ ಹುಳಿಯನ್ನು ತಗ್ಗಿಸಿ ಅದನ್ನು ಮೆತ್ತಗೆ ಮಾಡುತ್ತದೆ. ಕಾಳುಮೆಣಸು ಮೂರ್ವೆದ್ರದ ಒಳಗಿರುವ ಮೆಣಸಿನ ವಾಸನೆಯನ್ನು ಕರೆದು ಮಾತಾಡಿಸುತ್ತದೆ. ಹಸಿಮೆಣಸು ಮಾತ್ರ ಕೈ ಹಿಡಿದು ಹಾಕಿ.

ಬಡಿಸುವಾಗ ಎರಡು ಎಚ್ಚರ. ‘ರೂಮ್ ಟೆಂಪರೇಚರ್’ ಅನ್ನುವುದು ಯುರೋಪಿನ ಹಳೆಯ ತಣ್ಣನೆ ಮನೆಗಳ ಲೆಕ್ಕ, ಏಪ್ರಿಲ್ ತಿಂಗಳ ಬೆಂಗಳೂರಿನದಲ್ಲ. ರೆಡ್ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು 16 ಡಿಗ್ರಿ ಹತ್ತಿರಕ್ಕೆ ತನ್ನಿ. ಇನ್ನೊಂದು, ಮೂರ್ವೆದ್ರ ಬಿರಡೆ ತೆಗೆದ ತಕ್ಷಣ ಒಮ್ಮೊಮ್ಮೆ ಕೊಟ್ಟಿಗೆ ನಾತ ಹೊಡೆಯುತ್ತದೆ. ಗಾಬರಿಯಾಗಿ ವಾಪಸ್ ಕಳಿಸಬೇಡಿ. ಎಳೆಯ ವೈನನ್ನು ಅಗಲ ಬಾಯಿಯ ಹೂಜಿಗೆ ಸುರಿದು ಎರಡು ಗಂಟೆ ಬಿಟ್ಟರೆ ಸಾಮಾನ್ಯವಾಗಿ ಹಾರಿಹೋಗುತ್ತದೆ. ಹಳೆಯದಾದರೆ ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ ಗಷ್ಟು ಕೆಳಗಿಳಿಯಲು ಬಿಡಿ, ಕೊನೆಯ ಎರಡು ಬೆರಳು ವೈನ್ ಬಾಟಲಿಯಲ್ಲೇ ಉಳಿಯಲಿ.

ಎಳೆಯ ಬಾಟಲಿಯಲ್ಲಿ ಮಿಕ್ಕಿದ್ದನ್ನು ಚೆಲ್ಲಬೇಡಿ. ಬೇರೆ ಎಷ್ಟೋ ರೆಡ್‌ಗಳು ಮಾರನೇ ದಿನ ಸಪ್ಪಗಾಗುವಾಗ, ಮೂರ್ವೆದ್ರ ಗಾಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟ ಅರ್ಧ ಬಾಟಲಿಯನ್ನು ಮರುದಿನ ಮಧ್ಯಾಹ್ನ ಸಿಬ್ಬಂದಿ ಊಟದ ಹೊತ್ತಿಗೆ ಹಂಚಿಕೊಂಡು ರುಚಿ ನೋಡುತ್ತೇವೆ. ಹಿಂದಿನ ರಾತ್ರಿ ಪೂರ್ತಿ ಬೆಲೆ ಕೊಟ್ಟ ಗಿರಾಕಿಗಿಂತ ನಮಗೇ ಒಳ್ಳೆಯ ಭಾಗ ಸಿಕ್ಕಿರುವುದು ಎಷ್ಟೋ ಸಲ.