ಕಣ್ಣಿನ ಮೇಲ್ಪದರದ ಕ್ಯಾನ್ಸರ್: ರೋಗಿಯ ಚಿತ್ರ ಬದಲಾದ ಬಗೆ

ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ತೆಳು ಪೊರೆಯಲ್ಲಿ, ಹೆಚ್ಚಾಗಿ ಅದು ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು) ಸೇರುವ ಅಂಚಿನಲ್ಲಿ ಹುಟ್ಟುವ ಸ್ಕ್ವಾಮಸ್ (ಮೇಲ್ಪದರದ ಚಪ್ಪಟೆ ಕೋಶಗಳ) ಕ್ಯಾನ್ಸರನ್ನು ವೈದ್ಯರು ಬಹುಕಾಲ ವಯಸ್ಸಾದ ಬಿಳಿಯ ಗಂಡಸರ ಕಾಯಿಲೆಯೆಂದು ಪರಿಗಣಿಸಿದ್ದರು. ಆ ಚಿತ್ರ ಸುಳ್ಳಲ್ಲ. ಆದರೆ ಅದು ಭೂಮಿಯ ಒಂದು ಭಾಗದ ಚಿತ್ರವಷ್ಟೇ.

ಬಿಸಿಲು ಮೊದಲಿನಿಂದಲೂ ಆರೋಪಿಯ ಸ್ಥಾನದಲ್ಲಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದ ಅಧ್ಯಯನಗಳು ತಿಳಿ ಮೈಬಣ್ಣ, ತಿಳಿ ಬಣ್ಣದ ಕಣ್ಣು ಮತ್ತು ಬಿಸಿಲಿಗೆ ಬೇಗ ಸುಡುವ ಚರ್ಮವುಳ್ಳವರಲ್ಲಿ ಅಪಾಯ ಹೆಚ್ಚೆಂದು ತೋರಿಸಿದವು. 1996ರಲ್ಲಿ ಪ್ರಕಟವಾದ ನ್ಯೂಟನ್ ಮತ್ತು ಸಂಗಡಿಗರ ವಿಶ್ಲೇಷಣೆಯ ಪ್ರಕಾರ, ಸಮಭಾಜಕ ವೃತ್ತದಿಂದ ಪ್ರತಿ 10 ಡಿಗ್ರಿ ಅಕ್ಷಾಂಶ ದೂರ ಸರಿದಂತೆ ಈ ಕ್ಯಾನ್ಸರ್ ಶೇ. 49ರಷ್ಟು ಇಳಿಯುತ್ತದೆ. ಗಡ್ಡೆಯು ಅನೇಕ ವೇಳೆ ಮೂಗಿನ ಕಡೆಯ ಅಂಚಿನಲ್ಲೇ ಕಾಣಿಸಿಕೊಳ್ಳುವುದಕ್ಕೆ ಕೊರೊನಿಯೊ ಎಂಬ ಆಸ್ಟ್ರೇಲಿಯಾದ ನೇತ್ರತಜ್ಞರು ಕೊಟ್ಟ ವಿವರಣೆ ನನಗೆ ಬಹಳ ಮನವರಿಕೆಯಾಗುವಂಥದ್ದು: ಕಿವಿಯ ಕಡೆಯಿಂದ ಓರೆಯಾಗಿ ಬೀಳುವ ಅತಿನೇರಳೆ ಕಿರಣಗಳು ಕಾರ್ನಿಯಾದ ಮೂಲಕ ಬಾಗಿ, ಎದುರು ಬದಿಯ ಅಂಚಿನಲ್ಲಿರುವ ಮೂಲಕೋಶಗಳ ಮೇಲೆ ಸಾಂದ್ರಗೊಳ್ಳುತ್ತವೆ.

ಆದರೆ ಬಿಸಿಲೊಂದರಿಂದಲೇ ಆಫ್ರಿಕಾವನ್ನು ವಿವರಿಸಲಾಗಲಿಲ್ಲ. 1990ರ ಸುಮಾರಿಗೆ ರುವಾಂಡಾದ ಕಿಗಾಲಿಯಿಂದಲೂ, ಬಳಿಕ ಉಗಾಂಡಾದ ಕಂಪಾಲಾದಿಂದಲೂ ಬಂದ ವರದಿಗಳಲ್ಲಿ ರೋಗಿಗಳು ಹೆಚ್ಚಾಗಿ ಮೂವತ್ತರ ಆಸುಪಾಸಿನವರು. ಅವರಲ್ಲಿ ಹೆಂಗಸರೂ ಬಹಳ ಮಂದಿ. ಹೆಚ್ಚಿನವರಿಗೆ ಎಚ್‌ಐವಿ ಸೋಂಕು. ಕಂಪಾಲಾದಲ್ಲಿ 1988ರವರೆಗೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 6 ಇದ್ದ ಪ್ರಕರಣಗಳು 1992ರ ವೇಳೆಗೆ 35ಕ್ಕೇರಿದ್ದವು. ಅದೇ ಬಿಸಿಲಿನಲ್ಲಿ ಅದೇ ಜನ ತಲೆಮಾರುಗಳಿಂದ ಬದುಕಿದ್ದರು. ಬದಲಾದದ್ದು ಕೆಟ್ಟ ಕೋಶಗಳನ್ನು ತಡೆಯಬೇಕಾದ ದೇಹದ ಪ್ರತಿರೋಧ ಶಕ್ತಿ. ಅಂಗಾಂಗ ಕಸಿಯ ನಂತರ ಪ್ರತಿರೋಧ ತಗ್ಗಿಸುವ ಔಷಧ ಸೇವಿಸುವವರಲ್ಲೂ ಅಪಾಯ ಹೆಚ್ಚಿರುವುದು ಇದಕ್ಕೆ ಹೊಂದುತ್ತದೆ. ಎಚ್‌ಪಿವಿ ಎಂಬ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಾಣುವಿನ ಪಾತ್ರ ಮಾತ್ರ ಇಂದಿಗೂ ವಿವಾದಾಸ್ಪದ, ಏಕೆಂದರೆ ಅದು ಪತ್ತೆಯಾಗುವ ಪ್ರಮಾಣ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಅಗಾಧವಾಗಿ ಬದಲಾಗುತ್ತದೆ.

ಭಾರತದಲ್ಲಿ ಎರಡೂ ಚಿತ್ರಗಳು ಬೆರೆತಿವೆ. ಇಲ್ಲಿ ಬಿಸಿಲಿನಲ್ಲಿ ದುಡಿದ ಹಿರಿಯರೂ ಇದ್ದಾರೆ, ಎಚ್‌ಐವಿ ಇರುವ ಕಿರಿಯರೂ ಇದ್ದಾರೆ. ಹೈದರಾಬಾದಿನ ಎಲ್‌.ವಿ. ಪ್ರಸಾದ್ ನೇತ್ರ ಸಂಸ್ಥೆಯ ತಜ್ಞರು ಎಚ್‌ಐವಿ ಇರುವವರಲ್ಲಿ ಗಡ್ಡೆ ದೊಡ್ಡದಾಗಿರುವುದನ್ನೂ ಆಳಕ್ಕೆ ಇಳಿಯುವ ಸಂಭವ ಹೆಚ್ಚಿರುವುದನ್ನೂ ದಾಖಲಿಸಿದ್ದಾರೆ. ಕೆಲವರಿಗಂತೂ ಸೋಂಕಿನ ಸುಳಿವು ಮೊದಲು ಸಿಕ್ಕಿದ್ದೇ ಕಣ್ಣಿನ ಈ ಗಡ್ಡೆಯಿಂದ. ಆದ್ದರಿಂದಲೇ ಕಿರಿಯ ವಯಸ್ಸಿನ ರೋಗಿಗೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಅತ್ಯಗತ್ಯ.

ಮೂರನೆಯ ಗುಂಪೊಂದಿದೆ, ಅದು ಮಕ್ಕಳದು. ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಬಿಸಿಲಿನಿಂದ ಡಿಎನ್‌ಎಗೆ ಆಗುವ ಹಾನಿ ಸರಿಯಾಗಿ ದುರಸ್ತಿಯಾಗದೆ, ಎಳೆಯ ವಯಸ್ಸಿನಲ್ಲೇ ಈ ಕ್ಯಾನ್ಸರ್ ಬರಬಹುದು. ತಂದೆ-ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಾತ್ರ ಆ ಆನುವಂಶಿಕ ಕಾಯಿಲೆ ಕಾಣಿಸಿಕೊಳ್ಳುವುದರಿಂದ, ಸೋದರ ಸಂಬಂಧದ ಮದುವೆ ರೂಢಿಯಲ್ಲಿರುವ ಕರ್ನಾಟಕಕ್ಕೂ ಈ ವಿಷಯ ದೂರದ್ದಲ್ಲ.

ಇವರೆಲ್ಲರಿಗೂ ಇರುವ ಸಮಾನ ಅಪಾಯವೆಂದರೆ, ಗಡ್ಡೆಯನ್ನು ಕಣ್ಣಿನಲ್ಲಿ ಬೆಳೆಯುವ ನಿರುಪದ್ರವಿ ಮಾಂಸವೆಂದು ಭಾವಿಸಿ ಸುಮ್ಮನಿರುವುದು, ಇಲ್ಲವೇ ಕತ್ತರಿಸಿ ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸದಿರುವುದು. ಬೇಗ ಗುರುತಿಸಿದರೆ ಶಸ್ತ್ರಚಿಕಿತ್ಸೆಯಿಂದ, ಕೆಲವೊಮ್ಮೆ ಇಂಟರ್‌ಫೆರಾನ್ ಅಥವಾ ಮೈಟೊಮೈಸಿನ್ ಎಂಬ ಔಷಧದ ಹನಿಗಳಿಂದಲೇ ಗುಣವಾಗಬಲ್ಲ ಈ ರೋಗ, ಕಣ್ಣುಗುಡ್ಡೆಯೊಳಕ್ಕೆ ಇಳಿದ ಮೇಲೆ ಕಣ್ಣನ್ನೇ ತೆಗೆಯಬೇಕಾದ ಸ್ಥಿತಿ ತರಬಹುದು.