ರೆಕ್ಕೆ ಸರಿದರೆ ಇಂಧನವೂ ಸರಿಯಬೇಕು

2021ರ ಫೆಬ್ರವರಿಯ ಏರೋ ಇಂಡಿಯಾದಲ್ಲಿ ಯಲಹಂಕದ ಆಕಾಶದಲ್ಲಿ ನಮ್ಮ ತೇಜಸ್ ಜೊತೆ ಅಮೆರಿಕದ ಒಂದು ಬಾಂಬರ್ ವಿಮಾನ ಹಾರಿಹೋಯಿತು. ಅದರ ಹೆಸರು ಬಿ-1ಬಿ ಲ್ಯಾನ್ಸರ್. ತೇಜಸ್‌ನ ಉದ್ದ 13 ಮೀಟರ್ ಚಿಲ್ಲರೆ, ಇದರದ್ದು 44.5 ಮೀಟರ್. ಮೂರು ತೇಜಸ್‌ಗಳನ್ನು ಸಾಲಾಗಿ ನಿಲ್ಲಿಸಿದರೂ ಇದರಷ್ಟು ಉದ್ದ ಆಗುವುದಿಲ್ಲ. 2023ರ ಪ್ರದರ್ಶನಕ್ಕೆ ಇಂಥ ಎರಡು ವಿಮಾನಗಳು ಬೆಂಗಳೂರಿಗೆ ಬಂದು ಇಳಿದೇ ಬಿಟ್ಟವು.

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಅಂದಕೂಡಲೇ ಎಲ್ಲರೂ ಕೇಳುವುದು ‘ಎಷ್ಟು ಸ್ಪೀಡು?’ ಅಂತ. ನನ್ನನ್ನು ಸೆಳೆದದ್ದು ಬೇರೆ. ಇಷ್ಟು ದೊಡ್ಡ ವಿಮಾನ ಹಾರುತ್ತಿರುವಾಗಲೇ ತನ್ನ ಆಕಾರ ಬದಲಿಸಿಕೊಂಡೂ ಆಯ ತಪ್ಪದೆ ಇರುವುದು ಹೇಗೆ?

ಬಿ-1ಬಿಯ ರೆಕ್ಕೆಗಳು ಹಿಂದೆ ಮುಂದೆ ಸರಿಯುತ್ತವೆ. ಮೇಲೇರುವಾಗ, ಇಳಿಯುವಾಗ ಪೂರ್ತಿ ಚಾಚಿಕೊಂಡಿರುತ್ತವೆ. ಆಗ ಈ ತುದಿಯಿಂದ ಆ ತುದಿಗೆ ಸುಮಾರು 42 ಮೀಟರ್. ವೇಗ ಬೇಕಾದಾಗ ಹಿಂದಕ್ಕೆ ಮಡಚಿ ಮೈಗೆ ಒತ್ತಿಕೊಳ್ಳುತ್ತವೆ. ಆಗ ಅಗಲ ಬರೀ 24 ಮೀಟರ್. ಗಿಡುಗ ಆಕಾಶದಲ್ಲಿ ಸುತ್ತುವಾಗ ರೆಕ್ಕೆ ಅಗಲಿಸಿ, ಎರಗುವಾಗ ಮಡಚಿಕೊಳ್ಳುತ್ತದಲ್ವಾ? ಹಾಗೆಯೇ.

ಇದು ಯಾಕೆ ಬೇಕು? ನಿಧಾನವಾಗಿ ಹೋಗುವಾಗ ವಿಮಾನವನ್ನು ಎತ್ತಿ ಹಿಡಿಯಲು ಉದ್ದನೆಯ ನೇರ ರೆಕ್ಕೆಯೇ ಒಳ್ಳೆಯದು. ಆದರೆ ಶಬ್ದದ ವೇಗ ಹತ್ತಿರವಾದಂತೆ ಲೆಕ್ಕ ತಲೆಕೆಳಗಾಗುತ್ತದೆ. ವಿಮಾನ ಬರುತ್ತಿದೆ ಎಂಬ ಸುದ್ದಿ ಮುಂದಿನ ಗಾಳಿಗೆ ಮುಟ್ಟುವುದು ಶಬ್ದದ ವೇಗದಲ್ಲಿ. ವಿಮಾನವೇ ಆ ವೇಗದಲ್ಲಿ ಬಂದರೆ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತೇ ಇರುವುದಿಲ್ಲ. ಒತ್ತಿಕೊಂಡು ಆಘಾತ ಅಲೆಗಳಾಗುತ್ತದೆ, ವಿಮಾನವನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ರೆಕ್ಕೆಯನ್ನು ಓರೆ ಮಾಡಿದರೆ ಗಾಳಿ ಅದಕ್ಕೆ ನೆಟ್ಟಗೆ ಬಡಿಯದೆ ಜಾರಿಹೋಗುತ್ತದೆ.

ಆದರೆ ಸುಮ್ನೆ ಒಂದು ತಿರುಗಣಿ ಹಾಕಿದರೆ ಆಗಿಬಿಡುವ ಕೆಲಸ ಇದಲ್ಲ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಹೇರಿದವರಿಗೆ ಗೊತ್ತು, ಭಾರ ಸ್ವಲ್ಪ ಹಿಂದೆ ಬಿದ್ದರೂ ಮುಂದಿನ ಚಕ್ರ ಎದ್ದುಬಿಡುತ್ತದೆ. ರೆಕ್ಕೆ ಹಿಂದೆ ಹೋದಾಗ ವಿಮಾನವನ್ನು ಎತ್ತುವ ಬಲವೂ ಹಿಂದೆ ಹೋಗುತ್ತದೆ. ಭಾರ ಇದ್ದಲ್ಲೇ ಇದ್ದರೆ ಮೂತಿ ಕೆಳಗೆ ಬಾಗುತ್ತದೆ. ಅದಕ್ಕೆ ಭಾರವನ್ನೂ ಹಿಂದಕ್ಕೆ ಕಳಿಸಬೇಕು. ಕಳಿಸುವುದು ಇಂಧನವನ್ನು! ಮುಂದಿನ ಟ್ಯಾಂಕಿನಿಂದ ಹಿಂದಿನ ಟ್ಯಾಂಕಿಗೆ ಪಂಪು ಮಾಡುತ್ತಾರೆ. ರೆಕ್ಕೆ ಮುಂದೆ ಬಂದರೆ ಇಂಧನವೂ ಮುಂದಕ್ಕೆ ವಾಪಸ್. ಪೂರ್ತಿ ತುಂಬಿಸಿದರೆ ಇದರ ಟ್ಯಾಂಕುಗಳಲ್ಲಿ ಸುಮಾರು 120 ಟನ್ ಹಿಡಿಸುತ್ತದೆ. ಹಾರಲು ಅವಕಾಶವಿರುವ ಒಟ್ಟು ತೂಕವೇ 216 ಟನ್. ಅಂದರೆ ತಕ್ಕಡಿಯಲ್ಲಿ ಅತ್ತಿತ್ತ ಸರಿಸಲು ಬೇಕಾದಷ್ಟು ಕಲ್ಲುಗಳು ವಿಮಾನದ ಹೊಟ್ಟೆಯಲ್ಲೇ ಇವೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು 1984ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಗೊತ್ತಾಯಿತು. ಹಳೆಯ ಮಾದರಿಯಾದ ಬಿ-1ಎ ಪರೀಕ್ಷಾ ಹಾರಾಟದಲ್ಲಿತ್ತು. ರೆಕ್ಕೆ ಮುಂದಕ್ಕೆ ಬಂತು, ಇಂಧನ ಮುಂದಕ್ಕೆ ಬರಲಿಲ್ಲ. ಹಿಂಭಾರವಾಗಿ ಮೂತಿ ಮೇಲೆದ್ದಿತು, ವಿಮಾನ ಹತೋಟಿ ತಪ್ಪಿ ಬಿತ್ತು. ಟೆಸ್ಟ್ ಪೈಲಟ್ ಡಗ್ ಬೆನೆಫೀಲ್ಡ್ ತೀರಿಕೊಂಡರು, ಜೊತೆಗಿದ್ದ ಇಬ್ಬರಿಗೆ ತೀವ್ರ ಗಾಯಗಳಾದವು. ಬಿ-1ರ ಬಗ್ಗೆ ಓದುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ದಿನವೇ.

ಆ ಬಿ-1ಎ ಶಬ್ದದ ಎರಡು ಪಟ್ಟಿಗಿಂತ ಜಾಸ್ತಿ ವೇಗಕ್ಕೆಂದು ಮಾಡಿದ ವಿಮಾನ. ಅಮೆರಿಕದ ಅಧ್ಯಕ್ಷ ಕಾರ್ಟರ್ 1977ರಲ್ಲಿ ಆ ಯೋಜನೆ ನಿಲ್ಲಿಸಿದರು. 1981ರಲ್ಲಿ ಮುಂದಿನ ಅಧ್ಯಕ್ಷ ರೇಗನ್ ಮತ್ತೆ ಜೀವ ಕೊಟ್ಟರು, ಬಿ-1ಬಿ ಹೆಸರಿನಲ್ಲಿ 100 ವಿಮಾನ ತಯಾರಾದವು. ವಿಚಿತ್ರ ಅಂದರೆ ಹೊಸದರ ವೇಗ ಹಳೆಯದಕ್ಕಿಂತ ಕಡಿಮೆ, ಶಬ್ದದ ಸುಮಾರು ಒಂದೂಕಾಲು ಪಟ್ಟು ಮಾತ್ರ. ಇದು ಬೇಕೆಂದೇ ಮಾಡಿದ್ದು. ಎಂಜಿನ್ನಿಗೆ ಗಾಳಿ ಕೊಡುವ ಬಾಯಿಯಲ್ಲಿ ಮೊದಲು ಅಲುಗಾಡುವ ಹಲಗೆಗಳಿದ್ದವು. ಅತಿ ವೇಗಕ್ಕೆ ಅವು ಬೇಕು. ಅವನ್ನು ತೆಗೆದು ಅಂಕುಡೊಂಕಿನ ಗಾಳಿದಾರಿ ಇಟ್ಟರು. ಎಂಜಿನ್ನಿನ ತಿರುಗುವ ಅಲಗುಗಳು ರೇಡಾರಿಗೆ ಕನ್ನಡಿಯಂತೆ ಹೊಳೆಯುತ್ತವೆ. ದಾರಿ ಡೊಂಕಾದರೆ ಅವು ಮರೆಯಾಗುತ್ತವೆ.

ಎತ್ತರದಲ್ಲಿ ಹಾರಿದರೆ ಸಾಕು, ಯಾರ ಕೈಗೂ ಸಿಗುವುದಿಲ್ಲ ಎಂಬ ನಂಬಿಕೆ 1960ರಲ್ಲೇ ಮುರಿದಿತ್ತು. ಆ ವರ್ಷ ಸೋವಿಯತ್ ಕ್ಷಿಪಣಿಯೊಂದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದುರುಳಿಸಿತ್ತು. ಹಾಗಾಗಿ ಬಿ-1ಬಿ ನೆಲಕ್ಕೆ ಸುಮಾರು 60 ಮೀಟರ್ ಹತ್ತಿರದಲ್ಲಿ, ಶಬ್ದಕ್ಕಿಂತ ತುಸು ಕಡಿಮೆ ವೇಗದಲ್ಲಿ, ಗುಡ್ಡಗಳ ಮರೆಯಲ್ಲಿ ನುಗ್ಗುವುದನ್ನು ಕಲಿತಿತು. ರೇಡಾರಿನ ಅಲೆ ನೇರವಾಗಿ ಹೋಗುತ್ತದೆ, ಭೂಮಿ ಬಾಗಿದೆ. ತಗ್ಗಿನಲ್ಲಿ ಬರುವವರು ತಡವಾಗಿ ಕಾಣುತ್ತಾರೆ.

ಆದರೆ ಕೆಳಗಿನ ಗಾಳಿ ದಟ್ಟ, ಹಳ್ಳಕೊಳ್ಳದ ರಸ್ತೆ ಇದ್ದ ಹಾಗೆ. ಉದ್ದನೆಯ ಮೂತಿ ಬಿದಿರಿನ ಗಳದಂತೆ ಅಲ್ಲಾಡುತ್ತದೆ. ನಾಲ್ಕು ಜನ ಸಿಬ್ಬಂದಿ ಕೂರುವುದು ಅಲ್ಲೇ. ಫೋಟೊ ಸಿಕ್ಕರೆ ಮೂತಿಯ ಎರಡೂ ಪಕ್ಕ ನೋಡಿ. ಕೆಳಮುಖವಾಗಿ ಬಾಗಿದ ಎರಡು ಪುಟ್ಟ ರೆಕ್ಕೆಗಳಿವೆ, ಮೀನಿನ ಈಜುರೆಕ್ಕೆಯ ಹಾಗೆ. ಅಲುಗಾಟವನ್ನು ಸಂವೇದಕಗಳು ಗುರುತಿಸಿದ ಕ್ಷಣವೇ ಇವು ಅದಕ್ಕೆ ಎದುರಾಗಿ ತಿರುಗಿ ಕುಲುಕಾಟ ತಗ್ಗಿಸುತ್ತವೆ.

ಒಳಗಡೆ 34 ಟನ್ ಬಾಂಬು ಹೊರುವ ಶಕ್ತಿ ಇದೆ. ಅಷ್ಟು ಭಾರ ಎಲ್ಲಿ, ಯಾರ ಮೇಲೆ ಬೀಳುತ್ತದೆ ಎಂದು ನೆನೆದರೆ ಮನಸ್ಸು ಹಿಂಡುತ್ತದೆ. ಮೊದಲು ಅಣುಬಾಂಬಿಗೆಂದೇ ಮಾಡಿದ ವಿಮಾನ ಇದು, ಈಗ ಆ ಏರ್ಪಾಡನ್ನು ತೆಗೆದುಹಾಕಿದ್ದಾರೆ. ಪೂರ್ತಿ ಇಂಧನ, ಪೂರ್ತಿ ಬಾಂಬು ಎರಡನ್ನೂ ಒಟ್ಟಿಗೆ ಹೊರಲಾಗದು, ತೂಕ ಮೀರುತ್ತದೆ. ದೂರ ಹೋಗಬೇಕಾದರೆ ದಾರಿಯಲ್ಲಿ ಟ್ಯಾಂಕರ್ ವಿಮಾನದಿಂದ ತುಂಬಿಸಿಕೊಳ್ಳಬೇಕು. 1995ರಲ್ಲಿ ಎರಡು ಬಿ-1ಬಿಗಳು ಹೀಗೇ ಎಲ್ಲೂ ಇಳಿಯದೆ 36 ಗಂಟೆ ಚಿಲ್ಲರೆಯಲ್ಲಿ ಭೂಮಿ ಸುತ್ತಿದವು. ಸರಾಸರಿ ಗಂಟೆಗೆ ಸುಮಾರು 1,000 ಕಿ.ಮೀ., ಶಬ್ದಕ್ಕಿಂತ ಕಡಿಮೆಯೇ. ಶಬ್ದವನ್ನು ಮೀರಲು ಆಫ್ಟರ್‌ಬರ್ನರ್ ಹಚ್ಚಬೇಕು, ಅಂದರೆ ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಸುರಿದು ಉರಿಸಬೇಕು. ಅದು ಇಂಧನವನ್ನು ಕುಡಿದುಬಿಡುತ್ತದೆ.

ಇದರ ನಾಲ್ಕು ಎಂಜಿನ್‌ಗಳ ಹೆಸರು ಎಫ್101. ಅದರ ನಡುವಿನ ಭಾಗವನ್ನೇ, ಅಂದರೆ ಗಾಳಿಯನ್ನು ಒತ್ತಿ ಉರಿಸುವ ತಿರುಳನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕ ಮತ್ತು ಫ್ರಾನ್ಸಿನ ಕಂಪನಿಗಳು ಸಿಎಫ್‌ಎಂ56 ಎಂಬ ಎಂಜಿನ್ ರೂಪಿಸಿದವು. ಮಿಲಿಟರಿ ಗುಟ್ಟು ಹೊರಗೆ ಹೋದೀತೆಂದು ಅಮೆರಿಕ ಮೊದಲು ತಡೆದಿತ್ತು. 1973ರಲ್ಲಿ ಎರಡೂ ದೇಶಗಳ ಅಧ್ಯಕ್ಷರು ಐಸ್‌ಲ್ಯಾಂಡಿನಲ್ಲಿ ಕೂತು ಮಾತಾಡಿದ ಮೇಲೆ ದಾರಿ ತೆರೆಯಿತು. ಬೋಯಿಂಗ್ 737-800ರ ರೆಕ್ಕೆಗಳ ಕೆಳಗೆ ಇರುವುದು ಅದೇ ಎಂಜಿನ್. ಮಂಗಳೂರಿನಿಂದ ದುಬೈಗೆ ಆ ವಿಮಾನದಲ್ಲಿ ಹೋದವರು ಕೇಳಿಸಿಕೊಂಡದ್ದು ಬಿ-1ಬಿಯ ಎಂಜಿನ್ನಿನ ಹತ್ತಿರದ ನೆಂಟನ ಸದ್ದನ್ನು.