ನಾಲ್ಕು ಅಂಶಕ್ಕೆ ಇಳಿದ ಕಾದಂಬರಿ: ಕೀನ್ಯಾದ ‘ಸೆಟ್ ಬುಕ್’ ಹಿನ್ನೆಲೆ

ಕೀನ್ಯಾದ ಪ್ರೌಢಶಾಲೆಗಳಲ್ಲಿ ಪರೀಕ್ಷೆಗೆ ಇಟ್ಟ ಕಾದಂಬರಿಯನ್ನು ‘ಸೆಟ್ ಬುಕ್’ ಅಂತಲೇ ಕರೆಯುತ್ತಾರೆ. ಯಾವ ಪುಸ್ತಕ ಇಡಬೇಕು, ಯಾವುದು ಬೇಡ ಎಂಬ ವಾದಕ್ಕೆ ಅಲ್ಲಿ ಕೊನೆಯಿಲ್ಲ. ಅದನ್ನು ಹೇಗೆ ಓದಿಸಬೇಕೆಂಬುದನ್ನು ಮಾತ್ರ ಉತ್ತರಕ್ಕೆ ಅಂಕ ಹಂಚುವ ಪಟ್ಟಿಯೇ ತೀರ್ಮಾನಿಸಿಬಿಟ್ಟಿದೆ.

ವಸಾಹತು ಕಾಲದಲ್ಲಿ ಪರೀಕ್ಷೆ ಕೇಂಬ್ರಿಜ್‌ನದು, ಪಠ್ಯ ಶೇಕ್ಸ್‌ಪಿಯರ್‌ನದು. 1962ರಲ್ಲಿ ಹೈನ್‌ಮನ್ ಪ್ರಕಾಶನದ ‘ಆಫ್ರಿಕನ್ ರೈಟರ್ಸ್ ಸೀರೀಸ್’ ಶುರುವಾಗಿ, ನೈಜೀರಿಯಾದ ಅಚಿಬೆಯಂಥವರ ಕಾದಂಬರಿಗಳು ಅಗ್ಗದ ಪೇಪರ್‌ಬ್ಯಾಕ್‌ನಲ್ಲಿ ಶಾಲೆ ತಲುಪಿದವು. 1968ರಲ್ಲಿ ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಮತ್ತು ಇಬ್ಬರು ಸಹೋದ್ಯೋಗಿಗಳು ನೈರೋಬಿ ಯೂನಿವರ್ಸಿಟಿ ಕಾಲೇಜಿನ ಇಂಗ್ಲಿಷ್ ವಿಭಾಗವನ್ನೇ ತೆಗೆದುಹಾಕಿ, ಆಫ್ರಿಕದ ಸಾಹಿತ್ಯವನ್ನು ನಡುವೆ ಇಡಿ ಎಂದು ಟಿಪ್ಪಣಿ ಬರೆದರು. 1974ರ ಸಮ್ಮೇಳನ ಅದೇ ಬೇಡಿಕೆಯನ್ನು ಶಾಲೆಗಳವರೆಗೆ ತಂದಿತು. 1989ರಲ್ಲಿ ಪ್ರೌಢಶಾಲೆಯ ಕೊನೆಯ ಪರೀಕ್ಷೆಯಾದ ಕೆಸಿಎಸ್‌ಇ ಮೊದಲ ಸಲ ನಡೆಯುವ ಹೊತ್ತಿಗೆ ಸಾಹಿತ್ಯ ಬೇರೆ ವಿಷಯವಾಗಿ ಉಳಿದಿರಲಿಲ್ಲ, ಇಂಗ್ಲಿಷ್‌ನೊಳಗೆ ಸೇರಿಹೋಗಿತ್ತು. ಗಂಟು ಬಿದ್ದದ್ದು ಇಲ್ಲೇ.

ಇಂಗ್ಲಿಷ್‌ಗೆ ಒಟ್ಟು 200 ಅಂಕ. ಎರಡನೇ ಪತ್ರಿಕೆಯಲ್ಲಿ ಕಡ್ಡಾಯ ಪಠ್ಯದ ಒಂದು ತುಣುಕು ಕೊಟ್ಟು 25 ಅಂಕದ ಪ್ರಶ್ನೆ ಕೇಳುತ್ತಾರೆ. ಮೂರನೆಯದರಲ್ಲಿ ಎರಡೂವರೆ ಗಂಟೆಗೆ ಮೂರು ಪ್ರಬಂಧ, ತಲಾ 20 ಅಂಕ. ಒಂದು ಸ್ವತಂತ್ರ ರಚನೆ, ಒಂದು ಕಡ್ಡಾಯ ಕಾದಂಬರಿಯದು, ಇನ್ನೊಂದು ಐಚ್ಛಿಕ ಪಠ್ಯದ್ದು. ಕಾದಂಬರಿಯ 20 ಅಂಕ ಸಾಮಾನ್ಯವಾಗಿ ಒಡೆಯುವುದು ಹೀಗೆ: ಪೀಠಿಕೆಗೆ 2, ನಾಲ್ಕು ಅಂಶಗಳಿಗೆ ತಲಾ 3, ಮುಕ್ತಾಯಕ್ಕೆ 2, ಭಾಷೆಗೆ 4.

ಗೂಗಿಯವರ ‘ದಿ ರಿವರ್ ಬಿಟ್ವೀನ್’ (1965) ಕಡ್ಡಾಯ ಪಠ್ಯವಾಗಿದ್ದ ಕಾಲ ನೆನೆಯಿರಿ. ಪದ್ಧತಿ ಮತ್ತು ಹೊಸ ಧರ್ಮದ ತಿಕ್ಕಾಟ ಸಂಬಂಧಗಳನ್ನು ಮುರಿಯುತ್ತದೆ, ಸಮರ್ಥಿಸಿ ಎಂದು ಪ್ರಶ್ನೆ ಬಂತೆನ್ನಿ. ಸುನ್ನತಿಗೆಂದು ಮನೆ ಬಿಟ್ಟ ಮುಥೋನಿಯನ್ನು ಕ್ರೈಸ್ತ ಬೋಧಕನಾದ ತಂದೆ ಜೋಶುವಾ ಮಗಳೇ ಅಲ್ಲವೆನ್ನುವುದು ಒಂದು. ಅವಳು ಸತ್ತ ಮೇಲೆ ಪದ್ಧತಿ ಬಿಡದವರ ಮಕ್ಕಳಿಗೆ ಸಿರಿಯಾನಾ ಮಿಷನ್ ಶಾಲೆಯ ಬಾಗಿಲು ಮುಚ್ಚುವುದು ಎರಡು. ಜೋಶುವಾನ ಜೊತೆಗಿದ್ದ ಕಬೋನ್ಯಿ ಚರ್ಚಿನಿಂದ ಹೊರಬೀಳುವುದು ಮೂರು, ಮುಥೋನಿಯ ಅಕ್ಕ ನ್ಯಾಂಬುರಾ ಅಪ್ಪನನ್ನು ಧಿಕ್ಕರಿಸಿ ಕಥಾನಾಯಕ ವೈಯಾಕಿಯ ಕಡೆ ನಿಲ್ಲುವುದು ನಾಲ್ಕು. ಪ್ರತಿಯೊಂದರಲ್ಲೂ ಅಂಶ, ಘಟನೆ, ಪ್ರಶ್ನೆಗೆ ಅದರ ನಂಟು, ಈ ಮೂರೂ ಇರಬೇಕು. ಮಕ್ಕಳು ಎಡವುವುದು ಕೊನೆಯದರಲ್ಲಿ, ಆ ನಂಟಿನಲ್ಲಿ. ಅಂಶಗಳ ಲೆಕ್ಕದಲ್ಲೂ ಎಡವುತ್ತಾರೆ. ಮುಥೋನಿಯ ಸಾವನ್ನು ಎರಡು ಪುಟ ಮನಕರಗುವಂತೆ ಬರೆದರೂ ಅದು ಒಂದೇ ಅಂಶ, ಸಿಗುವುದು ಹೆಚ್ಚೆಂದರೆ ಮೂರೇ. ಅಷ್ಟರಲ್ಲಿ ಐವತ್ತು ನಿಮಿಷ ಮುಗಿದು ನಾಲ್ಕನೆಯ ಅಂಶ ಬಿಟ್ಟುಹೋಗಿರುತ್ತದೆ.

ಗೈಡುಗಳು ಹುಟ್ಟಿದ್ದು ಈ ಲೆಕ್ಕದಿಂದಲೇ: ಪಾತ್ರ, ವಿಷಯ, ಶೈಲಿ ಅಂತ ಸಿದ್ಧ ಪಟ್ಟಿ. ಪ್ರಬಂಧಕ್ಕೆ ಅದು ಸಾಕಾಗುವುದೂ ಉಂಟು. ತುಣುಕಿನ ಪ್ರಶ್ನೆ ಮಾತ್ರ ‘ಇದಕ್ಕೆ ತುಸು ಮುಂಚೆ ಏನಾಯಿತು’ ಎಂದು ಕೇಳಿ ಕೈಕೊಡುತ್ತದೆ. ಕಾದಂಬರಿ ಓದದವರು ಅಲ್ಲೇ ಸಿಕ್ಕಿಬೀಳುವುದು. ಹೊನಿಯಾ ನದಿಯ ಆಚೀಚೆ ಎದುರುಬದುರು ಮಲಗಿದ ಕಮೆನೊ, ಮಕುಯು ದಿಣ್ಣೆಗಳು ಕಥೆಗೆ ಏಕೆ ಬೇಕು ಎಂಬುದೂ ಗೈಡಿನಲ್ಲಿ ‘ಸಂಕೇತ’ ಎಂಬ ಒಂದೇ ಪದಕ್ಕೆ ಮುಗಿದಿರುತ್ತದೆ.

ಆಮೇಲೆ ಹೆನ್ರಿ ಓಲೆ ಕುಲೆಟ್‌ರ ‘ಬ್ಲಾಸಮ್ಸ್ ಆಫ್ ದಿ ಸವಾನಾ’ ಬಂತು. ಅದರ ನಂತರದ್ದು ಗ್ಯಾಂಬಿಯಾದ ರಾಜಧಾನಿ ಬಂಜುಲ್‌ನಲ್ಲಿ ಸೇರುವ ಆಫ್ರಿಕದ ರಾಷ್ಟ್ರನಾಯಕರ ಕಥೆ, ಪಾಲ್ ವಿಟ್ಟಾರ ‘ಫಾದರ್ಸ್ ಆಫ್ ನೇಷನ್ಸ್’. ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ, ನಾಲ್ಕು ವರ್ಷ ವಿಶ್ವವಿದ್ಯಾಲಯ ಎಂಬ 8-4-4 ಪದ್ಧತಿಯ ಕೊನೆಯ ತಂಡ 2027ರಲ್ಲಿ ಪರೀಕ್ಷೆಗೆ ಕೂರಬೇಕು. ಅವರಿಗೂ ಬೇಕಾದದ್ದು ನಾಲ್ಕು ಅಂಶಗಳೇ.